ಹಿತ್ತಲಿಗೆ ಕಲ್ಲು ಹಾಸ್ತಿರೋ ಮಗಳಿಗೆ

ಮಗಳೇ,

ಭಾನುವಾರ ನೀನು ಫೋನ್ ಕಟ್ ಮಾಡಿದ್ಮೇಲೆ ಮೂರು ಸಲ ಮಾಡ್ದೆ, ಎತ್ಲಿಲ್ಲ. ಇರ್ಲಿ. "ಹೆಣ್ಮಗಳು ಕಲ್ಲು ಹೊರೋದಾ, ಸುಮ್ನೆ ಮೇಸ್ತ್ರಿ ಕರ್ಸು" ಅಂತ ನಾನು ಅನ್ಬಾರ್ದಿತ್ತು, ತಪ್ಪಾಯ್ತು. ಆದ್ರೆ ನೀನು "ನೀನು ಮಾಡ್ಬಹುದು, ನಾನು ಮಾಡ್ಬಾರ್ದಾ" ಅಂದೆ ನೋಡು, ಅಲ್ಲೇ ನನ್ ಬಾಯಿ ಕಟ್ಟೋಯ್ತು. ಯಾಕೆ ಅಂತ ನಿಮ್ಮಮ್ಮನ ಎದುರು ಫೋನಲ್ಲಿ ಹೇಳಕ್ಕಾಗಲ್ಲ, ಅದಕ್ಕೆ ಬರೀತಿದೀನಿ.

2021ರ ಲಾಕ್‌ಡೌನಲ್ಲಿ ಶಿಡ್ಲಘಟ್ಟದ ಮನೆ ಹಿತ್ತಲಿಗೆ ನಾನೇ ಕಲ್ಲು ಹಾಸಿದ್ದು, ನೀನು ತುಮಕೂರಲ್ಲಿ ಕೂತು ಸ್ಟೇಟಸ್ ಹಾಕಿದ್ದು ಎಲ್ಲ ನಿಂಗೆ ಗೊತ್ತಿರೋದೇ. ರಸಮಟ್ಟದ ವಿಷ್ಯ ಗೊತ್ತಿಲ್ಲ, ಅದೇ ಒಳಗೆ ಗುಳ್ಳೆ ಇರೋ ಮಟ್ಟ ನೋಡೋ ಪಟ್ಟಿ. ಒಂದೊಂದು ಚಪ್ಪಡಿ ಮೇಲೂ ಇಟ್ಟು ಗುಳ್ಳೆ ನಟ್ಟನಡುವೆ ಬರೋವರ್ಗೂ ಬಿಡ್ಲಿಲ್ಲ ನಾನು, ಅಷ್ಟು ಜಂಬ. ಬಯಲಲ್ಲಿ ಹಾಸೋ ಕಲ್ಲಿಗೆ ಗುಳ್ಳೆ ನಡುವೆ ನಿಲ್ಲಬಾರ್ದು, ಒಂಚೂರು ಮನೆ ಕಡೆ ಸರಿದಿರ್ಬೇಕು ಅಂತ ಯಾರನ್ನೂ ಕೇಳ್ಲಿಲ್ಲ. ನೀರು ಆಚೆ ಹರಿಯೋ ಇಳಿಜಾರು, ಅಂದ್ರೆ ವಾಟನೇ ಕೊಡ್ಲಿಲ್ಲ. ಸಾಲದ್ದಕ್ಕೆ ಬಾಗಿಲ ಹತ್ರ ತುಂಬಿದ್ದ ಸಡಿಲ ಮಣ್ಣಿಗೆ ಗಟ್ಟಿಯಾಗೋ ಹಂಗೆ ದಿಮ್ಮಸೂ ಹೊಡೀದೇ ಎಂ-ಸ್ಯಾಂಡ್ ಹರಡಿ ಕಲ್ಲು ಮಲಗಿಸ್ಬಿಟ್ಟೆ.

ಆ ನವೆಂಬರಲ್ಲಿ ನಮ್ಮ ಕಡೆ ಕೆರೆಗಳೆಲ್ಲ ಕೋಡಿ ಬಿದ್ದ ಮಳೆ ಬಂತಲ್ಲ, ಆಗ ಬಾಗಿಲ ಹತ್ರ ಎರಡು ಚಪ್ಪಡಿ ಕೂತ್ಕೊಂಡ್ವು. ನೀರು ಅಲ್ಲೇ ನಿಂತು ಪಾಚಿ ಕಟ್ತು. ನಾನು ನೋಡಿದ್ದೆ. ಬಿಸಿಲು ಬರ್ಲಿ, ಎತ್ತಿ ಸರಿ ಮಾಡೋಣ ಅಂದ್ಕೊಂಡು ಸುಮ್ನಾದೆ.

ಅಜ್ಜಿ ಜಾರಿದ್ದು ಸೋಪಿನ ನೀರಿಂದಲ್ಲ. ಸೋಪು ಅಂತ ಎಲ್ರಿಗೂ ಹೇಳಿದ್ದು ನಾನೇ. ಅವತ್ತು ಬೆಳಿಗ್ಗೆ ತುಳಸಿಗೆ ನೀರು ಹಾಕಕ್ಕೆ ಹಿತ್ತಾಳೆ ಚೊಂಬು ಹಿಡ್ಕೊಂಡು ಹೊರಟಿದ್ರು. ಶಬ್ದ ಕೇಳಿ ಓಡಿ ಬರ್ತೀನಿ, ಅಜ್ಜಿ ಮಗ್ಗುಲಿಗೆ ಬಿದ್ದಿದಾರೆ, ಚೊಂಬು ಮಾತ್ರ ಇನ್ನೂ ಉರುಳ್ತಾ ಇತ್ತು. ಮೋರಿ ಕಡೆ ಹೋಗ್ಬೇಕಾದ್ದು ಬಾಗಿಲ ಕಡೆಗೇ ಬಂದು ಹೊಸಿಲಿಗೆ ಟಣ್ ಅಂತ ತಗುಲಿ ನಿಂತ್ಕೊಳ್ತು. ನನ್ ಕಾಲ ಹತ್ರ.

ನಾನು ಮೊದ್ಲು ಚೊಂಬು ನೋಡ್ದೆ ಕಣಮ್ಮ, ಆಮೇಲೆ ಅಜ್ಜಿನ ಎತ್ತಿದ್ದು. ಸೊಂಟ ಮುರಿದಿತ್ತು, ಮುಂದಿಂದು ನೀನೇ ನೋಡಿದೀಯ.

ಹಂಗಾಗಿ ನೀನು ಕಲ್ಲು ಅಂದ ತಕ್ಷಣ ನಂಗೆ ಆ ಟಣ್ ಅನ್ನೋದೇ ಕೇಳ್ಸಿದ್ದು. ನಿನ್ ಕೈಲಾಗಲ್ಲ ಅಂತಲ್ಲ. ನೀನು ಪ್ಲಾನ್ ಬರ್ದು, ದಾರ ಕಟ್ಟಿ, ಮೂರು-ನಾಲ್ಕು-ಐದು ಅಡಿ ಲೆಕ್ಕದಲ್ಲಿ ಮೂಲೆ ಸರಿಯಾಗಿ ಚಚ್ಚೌಕಕ್ಕಿದ್ಯಾ ಅಂತ ನೋಡಿರೋ ಫೋಟೋನ ನಿಮ್ಮಮ್ಮ ತೋರಿಸಿದ್ಳು. ಎದುರು ಮನೆಯವ್ರಿಗೂ ತೋರಿಸ್ದೆ, ಸುಳ್ಳು ಯಾಕೆ ಹೇಳ್ಲಿ.

ಸರಿ, ಬುದ್ಧಿ ಹೇಳಲ್ಲ ಅಂದ್ಕೊಂಡೇ ಶುರು ಮಾಡಿದ್ದು, ಆದ್ರೂ ಇಷ್ಟು ಕೇಳ್ಕೋ. ಮನೆಯಿಂದ ಆಚೆಗೆ ಹತ್ತಡಿಗೆ ಒಂದೂವರೆ ಇಂಚಾದ್ರೂ ಇಳೀಬೇಕು. ಕಲ್ಲಿನ ಮೇಲ್ಮೈ ಮನೆ ನೆಲಕ್ಕಿಂತ ಆರಿಂಚು ಕೆಳಗಿರ್ಲಿ. ನಾಲ್ಕಿಂಚು ಜಲ್ಲಿ ಹಾಕಿ, ನೀರು ಹಾಕಿ, ದಿಮ್ಮಸು ಚೆನ್ನಾಗಿ ಹೊಡಿ. ಇದಕ್ಕೆ ಬೇಕಾದ್ರೆ ದುಡ್ಡು ಕೊಟ್ಟು ಆಳು ಕರ್ಸು, ಅವಮಾನ ಏನಿಲ್ಲ. ಗಾರೆನ ನಾಲ್ಕು ಮೂಲೇಲಿ ಗುಪ್ಪೆ ಗುಪ್ಪೆ ಇಡ್ಬೇಡ, ಪೂರ್ತಿ ಹರಡು, ಕಲ್ಲಿನ ಮೇಲೆ ತಟ್ಟಿ ನೋಡು, ಟೊಳ್ಳು ಶಬ್ದ ಬಂದ್ರೆ ಎತ್ತಿ ಮತ್ತೆ ಹಾಕು, ಬೇಜಾರ್ ಮಾಡ್ಕೋಬೇಡ. ಪಾಲಿಶ್ ಕಲ್ಲು ಬೇಡವೇ ಬೇಡ, ಅಂಗಡಿಯವ್ನು ಏನೇ ಹೇಳ್ಲಿ. ಮತ್ತೆ ಎರಡಡಿ ಮೂರಡಿ ಚಪ್ಪಡಿ ಎರಡಿಂಚು ದಪ್ಪ ಇದ್ರೆ ಹೆಚ್ಚುಕಮ್ಮಿ 75 ಕೆಜಿ ತೂಗುತ್ತೆ, ಒಬ್ಳೇ ಎತ್ಬೇಡ, ಅಳಿಯಂದ್ರು ರಜಾ ಹಾಕ್ಲಿ, ಇಲ್ಲಾಂದ್ರೆ ನಾನು ಬರ್ತೀನಿ. ಬರ್ಬೇಡ ಅಂದ್ರೆ ಬರಲ್ಲ.

ನಮ್ಮನೆ ಆ ಎರಡು ಕಲ್ಲನ್ನ ಅಜ್ಜಿ ತೀರ್ಕೊಂಡ ವಾರಕ್ಕೇ ಕಿತ್ತು ಹಾಕ್ದೆ. ಅಜ್ಜಿಗೆ ಗೊತ್ತಿತ್ತೋ ಏನೋ. ಮಲಗಿದ್ದಲ್ಲಿಂದ್ಲೇ ಒಂದ್ಸಲ "ಆ ನೀರು ಹೋಯ್ತೇನೋ" ಅಂತ ಕೇಳಿದ್ರು, ಹೋಯ್ತಮ್ಮ ಅಂದೆ. ಹೋಗಿರ್ಲಿಲ್ಲ.

ನಿಮ್ಮಮ್ಮಂಗೆ ನಾನೇ ಹೇಳ್ತೀನಿ, ನೀನು ಬಾಯಿ ಬಿಡ್ಬೇಡ.

ನೀರು ತುಂಬಿ ಮಟ್ಟ ನೋಡೋ ಲೆವೆಲ್ ಟ್ಯೂಬು ಬಸ್ಸಲ್ಲಿ ಕಳಿಸ್ತಿದೀನಿ, ಜೊತೆಗೆ ಹುಣಸೆಹಣ್ಣು ಇದೆ. ಮೊದಲ್ನೇ ಸಾಲು ಹಾಸಿ ಒಣಗಿದ್ಮೇಲೆ ಬಾಗಿಲ ಹತ್ರ ನಿಂತು ಒಂದು ಬಕೆಟ್ ನೀರು ಸುರಿದು ಯಾವ ಕಡೆ ಹೋಗುತ್ತೆ ಅಂತ ವಿಡಿಯೋ ಮಾಡಿ ಹಾಕು. ಫೋನ್ ಮಾಡ್ದೇ ಇದ್ರೂ ಪರ್ವಾಗಿಲ್ಲ, ವಿಡಿಯೋ ಹಾಕು.

ಅಪ್ಪ