ಕೈಗೆ ಸೇರದ ನೋಟಿಸಿನಿಂದ ವಿಮೆ ರದ್ದಾಗುವುದು ಹೇಗೆ?

ಮಾನ್ಯ ಸಂಪಾದಕರೇ,

ನನ್ನ ಕಾರಿನ ವಿಮೆ ರದ್ದಾಗಿದೆ ಎಂಬುದು ನನಗೆ ಗೊತ್ತಾದದ್ದು ಬ್ಯಾಂಕ್ ಪಾಸ್‌ಬುಕ್ಕಿನಿಂದ. ಕಟಪಾಡಿಯಲ್ಲಿ ಎಂಟ್ರಿ ಮಾಡಿಸಿಕೊಂಡು ನೋಡಿದರೆ ಪಿಂಚಣಿಯ ಸಾಲಿನ ಕೆಳಗೆ ವಿಮಾ ಕಂಪನಿಯ ಹೆಸರಿನಲ್ಲಿ ನಾಲ್ಕು ಸಾವಿರ ಚಿಲ್ಲರೆ ರೂಪಾಯಿ ಜಮೆಯಾಗಿತ್ತು. ಕೇಳಿದರೂ ಸುಲಭಕ್ಕೆ ದುಡ್ಡು ಬಿಚ್ಚದವರು ಕೇಳದೆ ಕೊಟ್ಟರೆ ಸಂಶಯ ಬಾರದಿರುತ್ತದೆಯೇ? ಉಡುಪಿಯ ಏಜೆಂಟರಿಗೆ ಫೋನ್ ಮಾಡಿದೆ. ಅವರು ಕಂಪ್ಯೂಟರ್ ನೋಡಿ, “ಸರ್, ಪಾಲಿಸಿ ಕ್ಯಾನ್ಸಲ್ ಅಂತ ತೋರಿಸ್ತಾ ಉಂಟು. ಆಗಿ ತಿಂಗಳ ಮೇಲಾಯ್ತು. ನಿಮಗೆ ಗೊತ್ತಿಲ್ವಾ?” ಎಂದರು.

ಆ ತಿಂಗಳಲ್ಲಿ ಅದೇ ಕಾರಿನಲ್ಲಿ ಮನೆಮಂದಿಯೆಲ್ಲ ಕಾರ್ಕಳದ ಮೇಲಾಗಿ ಧರ್ಮಸ್ಥಳಕ್ಕೆ ಹೋಗಿ ಬಂದಿದ್ದೆವು. ಮಗ ದಿನಾ ಮಣಿಪಾಲಕ್ಕೆ ಕೆಲಸಕ್ಕೆ ಹೋಗುವುದೂ ಅದರಲ್ಲೇ. ಸಂಜೆ ಹೊತ್ತು ಕಲ್ಸಂಕದಲ್ಲಿ ಸ್ಕೂಟರುಗಳು ಎಡಬಲಗಳಿಂದ ಹೇಗೆ ನುಗ್ಗುತ್ತವೆ ಎಂದು ಉಡುಪಿಯವರಿಗೆ ವಿವರಿಸಬೇಕಾಗಿಲ್ಲ. ವಿಮೆ ಇಲ್ಲದೆ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 196ನೇ ಕಲಮಿನಂತೆ ಮೊದಲ ಸಲಕ್ಕೆ 2000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ದಂಡ ಹೋಗಲಿ, ಕಟ್ಟಿಬಿಡಬಹುದು. ಯಾರಿಗಾದರೂ ತಾಗಿ ಜೀವಕ್ಕೆ ಅಪಾಯವಾಗಿದ್ದರೆ ಪರಿಹಾರದ ಲಕ್ಷಗಳು ಮಾಲೀಕನಾದ ನನ್ನ ತಲೆಗೆ ಬರುತ್ತಿದ್ದವು. ಇರುವುದು ಒಂದು ಮನೆ, ಹಿತ್ತಿಲಲ್ಲಿ ನಾಲ್ಕು ಮಲ್ಲಿಗೆ ಗಿಡ.

ರದ್ದು ಮಾಡಿದ್ದೇಕೆ? ಐದು ವರ್ಷ ಕ್ಲೇಮ್ ಮಾಡದವರಿಗೆ ಸ್ವಂತ ವಾಹನದ ಹಾನಿಯ ಪ್ರೀಮಿಯಂನಲ್ಲಿ ಶೇ. 50 ನೋ ಕ್ಲೇಮ್ ಬೋನಸ್ ಸಿಗುತ್ತದೆ. ನನಗೂ ಇತ್ತು. ಕಳೆದ ನವೀಕರಣದ ಹೊತ್ತಿಗೆ ಕಂಪನಿ ಬದಲಿಸಿದಾಗ ಹಳೆಯ ಕಂಪನಿಯಿಂದ ಬೋನಸ್ ಪತ್ರ ತಂದು ಕೊಟ್ಟೇ ಪಾಲಿಸಿ ಮಾಡಿಸಿದ್ದು. ಆಮೇಲೆ ಹೊಸ ಕಂಪನಿ ವಿಚಾರಿಸಿದಾಗ ಹಳೆಯವರ ಕಂಪ್ಯೂಟರ್ ನನ್ನ ಹೆಸರಿನಲ್ಲಿ ಮುಂದಿನ ಗಾಜಿನದೊಂದು ಕ್ಲೇಮ್ ತೋರಿಸಿತಂತೆ. ಸುಳ್ಳು ಹೇಳಿ ಬೋನಸ್ ಪಡೆದಿದ್ದೇನೆಂದು ರದ್ದು ಮಾಡಿಬಿಟ್ಟರು. ನನ್ನ ವ್ಯಾಗನ್‌ಆರ್‌ನ ಗಾಜು ಕಂಪನಿಯಿಂದ ಬಂದಾಗಿನದೇ. ಒಂದು ಗೀರೂ ಬಿದ್ದಿಲ್ಲ. ಕೊನೆಗೆ ಗೊತ್ತಾಯಿತು, ಆ ಕ್ಲೇಮ್ ಇನ್ನೊಂದು ಕೆಎ 20 ಕಾರಿನದು, ನಂಬರಿನ ಕೊನೆಯ ಎರಡು ಅಂಕಿ ಹಿಂದುಮುಂದು. ಹಳೆಯ ಕಂಪನಿಯವರು ತಪ್ಪು ಒಪ್ಪಿ ಪತ್ರ ಕೊಟ್ಟರು. ಅಷ್ಟರಮಟ್ಟಿಗೆ ಅವರ ಮೇಲೆ ನನಗೆ ಕೋಪವಿಲ್ಲ. ಅಂಕಿ ತಪ್ಪುವುದು ಯಾವ ಕಚೇರಿಯಲ್ಲೂ ಉಂಟು.

ನನ್ನ ತಕರಾರು ಇರುವುದು ನೋಟಿಸಿನ ಬಗ್ಗೆ. ಹೊಸ ಕಂಪನಿಯ ಕಸ್ಟಮರ್ ಕೇರ್ ಹುಡುಗಿ ಮೊದಲು, “ಎಸ್ಸೆಮ್ಮೆಸ್ ಹೋಗಿದೆ ಸರ್” ಎಂದಳು. ಹೌದು, ಹುಡುಕಿದರೆ ಇತ್ತು. ‘ನಿಮ್ಮ ಪಾಲಿಸಿಯ ಸ್ಥಿತಿ ಬದಲಾಗಿದೆ, ವಿವರಕ್ಕೆ ಲಿಂಕ್ ಒತ್ತಿ’ ಎಂದು ಇಂಗ್ಲಿಷಿನಲ್ಲಿ ಒಂದೂವರೆ ಸಾಲು. ರದ್ದು ಎಂಬ ಶಬ್ದವೇ ಇಲ್ಲ. ಟ್ರಾಫಿಕ್ ಚಲನ್ ಹೆಸರಿನಲ್ಲಿ ವಾಟ್ಸಾಪಿಗೆ ಫೈಲ್ ಕಳಿಸಿ ಖಾತೆ ಖಾಲಿ ಮಾಡುವ ಕಳ್ಳರಿದ್ದಾರೆ, ಯಾವ ಲಿಂಕನ್ನೂ ಒತ್ತಬೇಡಿ ಎಂದು ಪೊಲೀಸರೂ ಬ್ಯಾಂಕಿನವರೂ ನಿತ್ಯ ಹೇಳುತ್ತಿದ್ದಾರೆ. ನಾನು ಒತ್ತಲಿಲ್ಲ, ಮುಂದೆಯೂ ಒತ್ತುವುದಿಲ್ಲ.

ಆಮೇಲೆ ಆಕೆ, “ರಿಜಿಸ್ಟರ್ಡ್ ಪೋಸ್ಟ್ ಕೂಡ ಮಾಡಿದ್ದೇವೆ” ಎಂದಳು. ಇಲ್ಲಿ ಪಾಪ, ಆಕೆ ತಪ್ಪಿದ ಜಾಗಕ್ಕೆ ಬಂದಳು. ನಾನು ಸಬ್ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತನಾದವನು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿಬಿಟ್ಟಿದ್ದಾರೆ, ಹಿಂದಿನ ಹಾಗೆ ಪ್ರತ್ಯೇಕ ಸೇವೆಯಾಗಿ ಅದಿಲ್ಲ; ನನಗೆ ಪತ್ರ ಕಳಿಸಿದೆವು ಎಂದದ್ದು ಅದರ ನಂತರದ ತಾರೀಕಿನಲ್ಲಿ. ಇರಲಿ, ಬಾಯಿತಪ್ಪಿ ಹೇಳಿರಬಹುದು ಎಂದು, “ಆರ್ಟಿಕಲ್ ನಂಬರ್ ಕೊಡಮ್ಮ, ಮೊದಲು ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಐಎನ್ ಎಂದು ಇರುತ್ತದೆ” ಎಂದೆ. ಲೈನ್‌ನಲ್ಲಿ ಸಂಗೀತ ಹಾಕಿ ಹೋದವಳು ಮರಳಲಿಲ್ಲ. ಹಲವು ಫೋನುಗಳ ಬಳಿಕ ಸಿಕ್ಕಿದ್ದು ಯಾವುದೋ ಖಾಸಗಿ ಕೊರಿಯರಿನ ನಂಬರ್. ಅದರ ದಾಖಲೆಯಲ್ಲಿ ‘ಮನೆ ಬೀಗ ಹಾಕಿತ್ತು’ ಎಂದು ಷರಾ. ಆ ತಾರೀಕಿಗೆ ನಮ್ಮಲ್ಲಿ ಸತ್ಯನಾರಾಯಣ ಪೂಜೆ. ಅಂಗಳದಲ್ಲಿ ಶಾಮಿಯಾನ, ಗೇಟಿನವರೆಗೆ ಚಪ್ಪಲಿಗಳ ರಾಶಿ. ಬೀಗ ಎಲ್ಲಿ ಕಂಡರೋ ಮಾರಾಯ್ರೆ!

ಅಂಚೆಯಲ್ಲಾದರೆ ಮನೆ ಬೀಗ ಹಾಕಿದ್ದರೆ ಪೋಸ್ಟ್‌ಮ್ಯಾನ್ ಚೀಟಿ ಬಿಟ್ಟು ಹೋಗಬೇಕು, ಪತ್ರವನ್ನು ಏಳು ದಿನ ಕಚೇರಿಯಲ್ಲಿ ಇಟ್ಟುಕೊಳ್ಳಬೇಕು, ಆಮೇಲಷ್ಟೇ ಷರಾ ಬರೆದು ವಾಪಸ್. ಬಟವಾಡೆ ಆಗದ ಪತ್ರ ಕಳಿಸಿದವರಿಗೇ ಹಿಂದೆ ಬರುತ್ತದೆ. ಅಂದರೆ ನೋಟಿಸು ನನ್ನ ಕೈಸೇರಿಲ್ಲ ಎಂಬುದು ಕಂಪನಿಗೆ ತಿಳಿಯದ ವಿಷಯವಲ್ಲ. ತಿಳಿದೂ ರದ್ದು ಮಾಡಿ ದುಡ್ಡು ಖಾತೆಗೆ ಹಾಕಿ ಕೈತೊಳೆದುಕೊಂಡರು.

ಕಾನೂನು ಏನನ್ನುತ್ತದೆ ಎಂದು ಪರಿಚಯದ ವಕೀಲರಲ್ಲಿ ಕೇಳಿದೆ. ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಜೂನ್‌ನಲ್ಲಿ ಹೊರಡಿಸಿದ ಮಾಸ್ಟರ್ ಸುತ್ತೋಲೆಯಂತೆ ನಮ್ಮಂಥ ಸಾಮಾನ್ಯ ಗ್ರಾಹಕರ ಪಾಲಿಸಿಯನ್ನು ಕಂಪನಿ ತಾನಾಗಿ ರದ್ದು ಮಾಡಬಹುದಾದದ್ದು ವಂಚನೆ ಸಾಬೀತಾದಾಗ ಮಾತ್ರ, ಅದೂ ಕನಿಷ್ಠ ಏಳು ದಿನಗಳ ನೋಟಿಸು ಕೊಟ್ಟು. ನನ್ನ ವಂಚನೆಯನ್ನು ಯಾರು, ಎಲ್ಲಿ ಸಾಬೀತು ಮಾಡಿದರು? ನನ್ನನ್ನು ಒಂದು ಮಾತು ಕೇಳಿದ್ದರೆ ಬೋನಸ್ ಪತ್ರದ ಪ್ರತಿಯನ್ನು ಅದೇ ದಿನ ಕಳಿಸುತ್ತಿದ್ದೆ. ಪ್ರೀಮಿಯಂನ ಚೆಕ್ ಬೌನ್ಸ್ ಆದ ಲಕ್ಷ್ಮಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ: ಅಪಘಾತಕ್ಕೆ ಮುಂಚೆ ಪಾಲಿಸಿ ರದ್ದಾಗಿ, ಆ ಸುದ್ದಿ ವಾಹನ ಮಾಲೀಕನಿಗೆ ತಲುಪಿರದಿದ್ದರೆ ಮೂರನೆಯವರಿಗೆ, ಅಂದರೆ ಅಪಘಾತದಲ್ಲಿ ನೊಂದ ಹೊರಗಿನವರಿಗೆ, ಪರಿಹಾರ ಕೊಡುವ ಹೊಣೆ ಕಂಪನಿಯದೇ. ದುಡ್ಡೇ ಬಾರದ ಪಾಲಿಸಿಗೆ ಈ ಮಾತಾದರೆ, ಪೂರ್ತಿ ದುಡ್ಡು ಕೊಟ್ಟವನ ಪಾಲಿಸಿಗೆ? ಆದರೂ ಅದಕ್ಕಾಗಿ ಕೋರ್ಟು ಹತ್ತಬೇಕಾದವರು ನಾವು. ನಮ್ಮದೇ ಕಾರು ಜಖಂ ಆಗಿದ್ದರಂತೂ ಈ ತೀರ್ಪಿನಿಂದ ನೇರ ಆಸರೆಯಿಲ್ಲ.

ಕಂಪನಿಯ ದೂರು ವಿಭಾಗಕ್ಕೆ ಬರೆದೆ, ಪ್ರಾಧಿಕಾರದ ‘ಬಿಮಾ ಭರೋಸಾ’ ಜಾಲತಾಣದಲ್ಲೂ ದೂರು ಹಾಕಿಸಿದೆ. ಮೊಮ್ಮಗಳು ಕೂತು ತುಂಬಿಸಿಕೊಟ್ಟಳು. ಅಲ್ಲಿ ದೂರು ಬಿದ್ದ ಮೇಲೆ ಕಂಪನಿಯವರ ಸ್ವರವೇ ಬದಲಾಯಿತು. ಅಲ್ಲಿಯವರೆಗೆ ನನ್ನ ಹೆಸರೂ ಸರಿಯಾಗಿ ಹೇಳದವರು “ನಮಸ್ಕಾರ ಸರ್” ಎನ್ನತೊಡಗಿದರು. ಹೊಸ ಪಾಲಿಸಿ ಕೊಡುತ್ತೇವೆ, ಕಾರು ಪರೀಕ್ಷೆ ಆಗಬೇಕು ಎಂದು ಒಬ್ಬ ಹುಡುಗನನ್ನು ಕಳಿಸಿದರು. ಅವನು ಕಾರಿನ ಸುತ್ತ ಮೊಬೈಲ್ ಹಿಡಿದು ವಿಡಿಯೊ ಮಾಡಿ ಷಾಸಿ ನಂಬರ್ ಕೇಳಿದ. ನಮ್ಮದು ಕಡಲ ಬದಿ, ಉಪ್ಪುಗಾಳಿಗೆ ತುಕ್ಕು ಹಿಡಿದು ಆ ಅಂಕಿಗಳು ಕಾಣುತ್ತಲೇ ಇರಲಿಲ್ಲ. ಚಿಮಿಣಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಒಂದೊಂದೇ ಅಂಕಿ ಹೊರಡಿಸಿದೆವು. ಹುಡುಗ ಒಳ್ಳೆಯವನು, ಅವನೂ ಕೈ ಹಾಕಿದ.

ಪಾಲಿಸಿ ಬಂತು, ಬೋನಸ್ಸೂ ಉಳಿಯಿತು. ಆದರೆ ಅದು ಚಾಲ್ತಿಯಾಗಿರುವುದು ಪರೀಕ್ಷೆಯ ದಿನದಿಂದ. ನಡುವೆ ವಿಮೆ ಇಲ್ಲದೆ ಹೋದ ದಿನಗಳು ದಾಖಲೆಯಲ್ಲಿ ಹಾಗೆಯೇ ಬಾಯಿ ಬಿಟ್ಟುಕೊಂಡಿವೆ. ರದ್ದತಿಯನ್ನೇ ಹಿಂದೆಗೆದು, ಮೊದಲ ಪಾಲಿಸಿ ಮುರಿಯದೆ ಮುಂದುವರಿದಿದೆ ಎಂದು ಬರೆದು ಕೊಡಿ ಎಂಬುದು ನನ್ನ ಬೇಡಿಕೆ. ಫೋನಿನಲ್ಲಿ “ಏನೂ ತೊಂದರೆ ಆಗಲ್ಲ ಸರ್” ಎನ್ನುತ್ತಾರೆ, ಕಾಗದದಲ್ಲಿ ಬರೆಯುವುದಿಲ್ಲ.

ವಿಮೆ ಮಾಡಿಸುವಾಗ ಆಧಾರ್, ಪಾನ್, ಆರ್‌ಸಿ ಎಲ್ಲ ಕೇಳುವ ಕಂಪನಿಗಳು ರದ್ದು ಮಾಡುವಾಗ ಒಂದು ಸ್ವೀಕೃತಿ ಸಹಿಯನ್ನಾದರೂ ಕೇಳಲಿ. ಪತ್ರ ಗ್ರಾಹಕನ ಕೈಸೇರಿದ ದಾಖಲೆ ಇಲ್ಲದೆ ರದ್ದತಿ ಜಾರಿಗೆ ಬರಬಾರದು, ಆ ಪತ್ರ ಕನ್ನಡದಲ್ಲೂ ಇರಬೇಕು ಎಂದು ಪ್ರಾಧಿಕಾರ ಸ್ಪಷ್ಟ ಆದೇಶ ಮಾಡಬೇಕು. ಅಲ್ಲಿಯವರೆಗೆ ಓದುಗರು ಆಗಾಗ ಎಂಪರಿವಾಹನ್ ಆ್ಯಪ್‌ನಲ್ಲಿ ತಮ್ಮ ಗಾಡಿಯ ವಿಮೆಯ ಸ್ಥಿತಿಯನ್ನೂ ನೋಡಿಕೊಳ್ಳುವುದು ಒಳ್ಳೆಯದು.

ನಾನು ಕೇಳಿದ ಬರಹ ಸಿಗದಿದ್ದರೆ ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಹೋಗುವವನಿದ್ದೇನೆ. ಅಲ್ಲಿ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ. ಅರ್ಜಿ ಬರೆದಿಟ್ಟಾಗಿದೆ.

– ನಿವೃತ್ತ ಸಬ್ ಪೋಸ್ಟ್‌ಮಾಸ್ಟರ್, ಕಟಪಾಡಿ, ಉಡುಪಿ ಜಿಲ್ಲೆ