ವಿಜಯಪುರದಿಂದ ಏನೂ ಕೊಂಡು ತರಬೇಡ, ಬಸು

ಪ್ರೀತಿಯ ಬಸು,

ತೀರ್ಥಹಳ್ಳಿಗೆ ಟ್ರಾನ್ಸ್‌ಫರ್ ಆರ್ಡರ್ ಕೈಗೆ ಬಂತು ಅಂತ ತಿಳಿದು ಖುಷಿಯಾಯಿತು. ಧಾರವಾಡದ ಹಾಸ್ಟೆಲ್ ಬಿಟ್ಟ ಮೇಲೆ ನಾವಿಬ್ಬರೂ ಒಂದೇ ಊರಲ್ಲಿ ಇರುತ್ತೇವೆ ಅಂತ ಯಾರು ಅಂದುಕೊಂಡಿದ್ದರು? ಮಕ್ಕಳ ಸ್ಕೂಲ್ ಸಾಮಾನು ಅಲ್ಲೇ ಕೊಂಡು ತರೋಣವೇ ಅಂತ ಅತ್ತಿಗೆ ಕೇಳಿದ್ದಾರೆ ಎಂದು ಬರೆದಿದ್ದೀಯ. ತರಬೇಡಿ. ಬುಕ್ ಸ್ಟಾಲ್ ಇಟ್ಟವನು, ವ್ಯಾಪಾರ ತನಗೇ ಆಗಲಿ ಅಂತ ಹೀಗೆ ಹೇಳುತ್ತಾನೆ ಅಂದುಕೊಳ್ಳಬೇಡ ಮಾರಾಯ. ಪೂರ್ತಿ ಓದು. ನನ್ನ ಅಂಗಡಿಯಲ್ಲೂ ಕೊಳ್ಳಬೇಡ ಅನ್ನುವ ಸಾಮಾನೇ ಇದರಲ್ಲಿ ಜಾಸ್ತಿ ಇದೆ.

ದುಡ್ಡು ಹಾಕಬೇಕಾದ್ದು ಮಕ್ಕಳ ಮೈಮೇಲೆ ಇರುವ ಸಾಮಾನಿಗೆ. ಬ್ಯಾಗು, ಕಾಲಿಗೆ ಹಾಕುವುದು, ಮಳೆಗೆ ಹಾಕುವುದು. ಮಿಕ್ಕಿದ್ದು ಹೇಗೋ ನಡೆಯುತ್ತದೆ.

ಮೊದಲು ಮಳೆಯ ವಿಚಾರ. ನೀನು ಇನ್ನೂ ಇದನ್ನು ಸರಿಯಾಗಿ ನೋಡಿಲ್ಲ. ವರ್ಷಕ್ಕೆ 7000 ಮಿಲಿಮೀಟರ್‌ಗೂ ಹೆಚ್ಚು ಸುರಿಯುವ ಆಗುಂಬೆ ನಮ್ಮ ತಾಲ್ಲೂಕಿನದೇ. ನಿಮ್ಮ ವಿಜಯಪುರಕ್ಕೆ ಅದರ ಹತ್ತನೇ ಒಂದು ಪಾಲೂ ಬೀಳುವುದಿಲ್ಲ. ತೀರ್ಥಹಳ್ಳಿ ಪೇಟೆಯಲ್ಲಿ ಅಷ್ಟಿಲ್ಲ ಅನ್ನು. ಆದರೂ ಜುಲೈನಲ್ಲಿ ಹೊರಗೆ ಹಾಕಿದ ಬಟ್ಟೆ ಒಣಗುವುದು ಅಂತಿಲ್ಲ. ನಾವೆಲ್ಲ ಯೂನಿಫಾರ್ಮನ್ನು ಬಚ್ಚಲ ಒಲೆಯ ಹತ್ತಿರ ಹಗ್ಗ ಕಟ್ಟಿ ಒಣಗಿಸುತ್ತೇವೆ, ಅದಕ್ಕೆ ಇಲ್ಲಿನ ಮಕ್ಕಳೆಲ್ಲ ಸ್ವಲ್ಪ ಹೊಗೆ ವಾಸನೆ ಹೊಡೆಯುತ್ತಾರೆ! ಹಾಗಾಗಿ ಎರಡು ಜೊತೆ ಯೂನಿಫಾರ್ಮ್ ಸಾಲದು, ಮೂರು ಹೊಲಿಸು. ಸಾಕ್ಸ್ ಇನ್ನೂ ಜಾಸ್ತಿ ಇರಲಿ. ಅಲ್ಲಿ ಸಿಗುವ ದಪ್ಪ ಕಾಟನ್ ಸಾಕ್ಸ್ ಇಲ್ಲಿ ಎರಡು ದಿನವಾದರೂ ಹಸಿಯಾಗೇ ಇರುತ್ತದೆ.

ರೇನ್‌ಕೋಟ್ ಕೊಳ್ಳುವಾಗ ಬ್ಯಾಗ್ ಬೆನ್ನಿಗಿದ್ದ ಹಾಗೇ ಮೇಲಿಂದ ಹಾಕಿಕೊಳ್ಳಲು ಆಗುವಂಥದ್ದನ್ನು ನೋಡು. ಹಿಂದೆ ಒಂದು ಗೂನು ಬಿಟ್ಟು ಹೊಲಿದಿರುತ್ತಾರೆ. ತೆಳ್ಳನೆ ಪ್ಲಾಸ್ಟಿಕ್ಕಿನದು ಒಂದೇ ವಾರಕ್ಕೆ ಕಂಕುಳಲ್ಲಿ ಹರಿಯುತ್ತದೆ. ಬ್ಯಾಗಿಗೆ ವಾಟರ್‌ಪ್ರೂಫ್ ಅಂತ ಚೀಟಿ ಅಂಟಿಸಿದ್ದರೆ ನಂಬಬೇಡ. ಬಟ್ಟೆ ನೀರು ತಡೆದರೂ ಹೊಲಿಗೆಯಲ್ಲಿ, ಜಿಪ್ಪಿನಲ್ಲಿ ಇಳಿಯುತ್ತದೆ. ಪುಸ್ತಕವನ್ನೆಲ್ಲ ಒಂದು ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ ಒಳಗಿಡುವುದೇ ಗ್ಯಾರಂಟಿ. ಇನ್ನು ಶೂ. ನಿನ್ನ ಮಕ್ಕಳ ಸ್ಕೂಲಿನಲ್ಲಿ ಮಳೆಗಾಲ ಮುಗಿಯುವ ತನಕ ಸ್ಯಾಂಡಲ್ ಹಾಕಿಕೊಂಡು ಬರಬಹುದಾ ಅಂತ ಮೊದಲು ಕೇಳು. ಬಿಡುತ್ತಾರೆ ಅಂದರೆ ಕಪ್ಪು ಶೂ ಈಗಲೇ ತಗೋಬೇಡ. ಮಕ್ಕಳ ಕಾಲು ಅಷ್ಟರಲ್ಲಿ ಬೆಳೆದಿರುತ್ತದೆ, ಶೂ ಡಬ್ಬದಲ್ಲೇ ಚಿಕ್ಕದಾಗಿರುತ್ತದೆ.

ಬ್ಯಾಗಿನದು ತೂಕದ ಲೆಕ್ಕ. 2019ರಲ್ಲಿ ನಮ್ಮ ಸರ್ಕಾರ ಬ್ಯಾಗಿನ ತೂಕಕ್ಕೆ ಮಿತಿ ಹಾಕಿ ಸುತ್ತೋಲೆ ಹೊರಡಿಸಿತು, 2023ರಲ್ಲಿ ಅದನ್ನೇ ಮತ್ತೆ ಹೇಳಿತು. ಒಂದು, ಎರಡನೇ ತರಗತಿಗೆ ಒಂದೂವರೆಯಿಂದ 2 ಕೆಜಿ. ಆರರಿಂದ ಎಂಟಕ್ಕೆ 3ರಿಂದ 4 ಕೆಜಿ. ಒಂದನೇ ಕ್ಲಾಸಿನ ನಿನ್ನ ಮಗಳ ಲೆಕ್ಕ ಹಾಕು. ಖಾಲಿ ಬ್ಯಾಗೇ ಅರ್ಧ ಕೆಜಿ. ಒಂದು ಲೀಟರಿನ ಸ್ಟೀಲ್ ಬಾಟಲಿ ತುಂಬಿಸಿದರೆ ಒಂದೂಕಾಲು ಕೆಜಿ ದಾಟುತ್ತದೆ. ಟಿಫನ್ ಬಾಕ್ಸ್ ಸೇರಿಸು. ಒಂದು ಪುಸ್ತಕ ಇಡುವ ಮೊದಲೇ ಸರ್ಕಾರದ ಮಿತಿ ಮುಗಿಯಿತು! ಎಲ್ಲರೂ ಪುಸ್ತಕದ ಭಾರ ಅಂತ ಬೈಯುತ್ತಾರೆ, ನೀರಿನ ಭಾರ ಯಾರಿಗೂ ಕಾಣುವುದಿಲ್ಲ. ಸ್ಕೂಲಿನಲ್ಲಿ ಕುಡಿಯುವ ನೀರು ಚೆನ್ನಾಗಿದ್ದರೆ ಅರ್ಧ ಲೀಟರಿನ ಬಾಟಲಿ ಸಾಕು, ಖಾಲಿಯಾದರೆ ಅಲ್ಲೇ ತುಂಬಿಸಿಕೊಳ್ಳಲಿ. ಚಕ್ರದ ಬ್ಯಾಗು ಕೇಳುತ್ತಿದ್ದಾಳೆ ಅಂದೆಯಲ್ಲ, ಬೇಡವೇ ಬೇಡ. ಕಬ್ಬಿಣದ ಹಿಡಿ, ಚಕ್ರ ಎಲ್ಲ ಸೇರಿ ಅದೇ ಭಾರ. ನಮ್ಮೂರಿನ ಕೆಸರಿನಲ್ಲಿ ಎಳೆಯಲೂ ಆಗದು, ಕೊನೆಗೆ ನೀನೇ ಹೊರಬೇಕು.

ಹುಡುಗ ಆರನೇ ಕ್ಲಾಸಲ್ವಾ? ಅವನಿಗೆ ನೋಟ್‌ಬುಕ್ಕಿನ ಲೆಕ್ಕ. ಕಿಂಗ್ ಸೈಜಿನ 200 ಪುಟದ ಒಂದು ನೋಟ್‌ಬುಕ್ ಹತ್ತಿರ ಹತ್ತಿರ ಕಾಲು ಕೆಜಿ ತೂಗುತ್ತದೆ. ಆರು ವಿಷಯಕ್ಕೆ ಆರು ಅಂದರೆ ಒಂದೂವರೆ ಕೆಜಿ ಬರೀ ಖಾಲಿ ಹಾಳೆ. ಸ್ಕೂಲಿನವರು ಒಪ್ಪಿದರೆ 100 ಪುಟದ್ದು ತಗೋ, ಮುಗಿದ ಮೇಲೆ ಇನ್ನೊಂದು ಕೊಡಿಸಿದರಾಯಿತು. ಗಣಿತಕ್ಕೆ ಗೆರೆಯಿಲ್ಲದ್ದೋ ಚೌಕದ್ದೋ, ಇಂಗ್ಲಿಷಿಗೆ ಎಂಥ ಗೆರೆ, ಇದೆಲ್ಲ ಒಂದೊಂದು ಸ್ಕೂಲಿಗೆ ಒಂದೊಂದು ಥರ. ಅದಕ್ಕೇ ಮುಂಚೆ ಕೊಳ್ಳಬೇಡ ಅಂದದ್ದು. ಪ್ರತಿ ಜೂನ್‌ನಲ್ಲೂ ಯಾರಾದರೂ ಡಜನ್‌ಗಟ್ಟಲೆ ನೋಟ್‌ಬುಕ್ ಹೊತ್ತುಕೊಂಡು ಬಂದು, ಟೀಚರ್ ಬೇರೆ ಗೆರೆಯದ್ದು ಹೇಳಿದ್ದಾರೆ, ಬದಲಿಸಿ ಕೊಡಿ ಅನ್ನುತ್ತಾರೆ. ಹೆಸರು ಬರೆದು ಬೈಂಡ್ ಹಾಕಿದ್ದನ್ನು ನಾನು ಯಾರಿಗೆ ಮಾರಲಿ?

ರೇಟಿನ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಮೆಂಡರ್, ಕ್ರೇಯಾನ್ ಇವಕ್ಕೆಲ್ಲ ಜಿಎಸ್‌ಟಿ ಇಲ್ಲ. ಜಾಮಿಟ್ರಿ ಬಾಕ್ಸಿಗೆ 12 ಇದ್ದದ್ದು 5 ಪರ್ಸೆಂಟ್ ಆಗಿದೆ. ಬಿಲ್ ಕೇಳಿ ನೋಡಿಕೋ. ನನ್ನ ಹತ್ತಿರವೂ ಕೇಳು, ಬೇಜಾರಿಲ್ಲ.

ಜಾಮಿಟ್ರಿ ಬಾಕ್ಸ್ ಅಂದ ಕೂಡಲೇ ಮಕ್ಕಳು ಕಾರ್ಟೂನ್ ಇರುವುದನ್ನೇ ಎತ್ತಿಕೊಳ್ಳುತ್ತಾರೆ. ನೀನು ಮುಚ್ಚಳ ತೆಗೆದು ಕೈವಾರ ಹೊರಗೆ ತೆಗೆ. ಸ್ವಲ್ಪ ಅಗಲಿಸಿ ಕಾಗದದ ಮೇಲೆ ಒಂದು ಸುತ್ತು ತಿರುಗಿಸು. ಹೊರಟ ಜಾಗಕ್ಕೇ ಗೆರೆ ಬಂದು ಸೇರಿದರೆ ಮಾತ್ರ ತಗೋ. ತಲೆಯ ತಿರುಪು ಸಡಿಲವಿದ್ದರೆ ವೃತ್ತ ಬರೆಯಲು ಹೋದವನು ಬದನೆಕಾಯಿ ಬರೆದು ಬರುತ್ತಾನೆ. ಕೋನಮಾಪಕದಲ್ಲಿ ಅಂಕಿ ಉಗುರಿನಿಂದ ಕೆರೆದರೆ ಅಳಿಸಬಾರದು, ಅಷ್ಟು ನೋಡಿದರೆ ಸಾಕು. ಅಂಗಡಿಯವನು ಮುಖ ಗಂಟು ಹಾಕಿಕೊಂಡರೆ ಹಾಕಿಕೊಳ್ಳಲಿ.

ಮಗಳಿಗೆ ಮೂರು ಮೂಲೆಯ ದಪ್ಪ ಪೆನ್ಸಿಲ್ ಕೊಡಿಸು, ಪುಟ್ಟ ಬೆರಳಿಗೆ ಹಿಡಿತ ಸಿಗುತ್ತದೆ. ಆದರೆ ಅದಕ್ಕೆ ದೊಡ್ಡ ತೂತಿನ ಮೆಂಡರ್ ಬೇಕು, ಮರೆಯಬೇಡ. ಪ್ಯಾಕೆಟ್ ಪೂರ್ತಿ ಅವಳ ಕೈಗೆ ಕೊಡಬೇಡ. ಒಂದನೇ ಕ್ಲಾಸಿನ ಮಕ್ಕಳು ಪೆನ್ಸಿಲ್ ಬರೆದು ಮುಗಿಸುವುದಿಲ್ಲ, ಕಳೆದು ಮುಗಿಸುತ್ತಾರೆ. ಸೆಂಟ್ ವಾಸನೆಯ ರಬ್ಬರ್ ನಾನೂ ಮಾರುತ್ತೇನೆ. ಮಕ್ಕಳು ಮೂಗಿಗೆ ಹಿಡಿದುಕೊಂಡು ಕೂರುತ್ತಾರೆ, ಕಚ್ಚುವವರೂ ಇದ್ದಾರೆ. ಸಾದಾ ಬಿಳಿಯದೇ ಚೆನ್ನಾಗಿ ಅಳಿಸುತ್ತದೆ.

ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸುವ ಯೋಚನೆಯೂ ಇದೆ ಅಂದಿದ್ದೆ. ಹಾಗಾದರೆ ಪಠ್ಯಪುಸ್ತಕ, ಯೂನಿಫಾರ್ಮ್, ಶೂ, ಸಾಕ್ಸ್ ಅಲ್ಲೇ ಕೊಡುತ್ತಾರೆ, ನನ್ನ ಅರ್ಧ ಕಾಗದ ನಿನಗೆ ಬೇಕಾಗಿಲ್ಲ. ಪುಸ್ತಕ ಕೈಗೆ ಬರುವುದು ತಡವಾದರೆ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಮೊದಲ ಪಾಠ ಮಾತ್ರ ಪ್ರಿಂಟ್ ಹಾಕಿಸು, ಪೂರ್ತಿ ಹಾಕಿಸಿ ದುಡ್ಡು ಕಳೆಯಬೇಡ.

ಇದೆಲ್ಲದಕ್ಕಿಂತ ಮೊದಲು ನಿಮ್ಮಿಬ್ಬರಿಗೆ ಬೇಕಾದ ಸಾಮಾನು ಒಂದಿದೆ. ಒಂದು ಗಟ್ಟಿ ಫೈಲು. ಅದರಲ್ಲಿ ಟಿಸಿ ಇರಲಿ, ಅದರ ಮೇಲೆ ಮಗುವಿನ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ನಂಬರ್) ಇದೆಯಾ ಅಂತ ಅಲ್ಲೇ ನೋಡಿಕೋ. ಇಲ್ಲಿ ಬಂದ ಮೇಲೆ ಅದಕ್ಕಾಗಿ ವಿಜಯಪುರಕ್ಕೆ ಫೋನ್ ಮಾಡುತ್ತಾ ಕೂರುವುದು ರಗಳೆ. ಜಾತಿ, ಆದಾಯ ಪ್ರಮಾಣಪತ್ರ ಹಾಕು. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಅನ್ನುವ ಸರ್ಕಾರದ ಸ್ಕಾಲರ್‌ಶಿಪ್ ಜಾಲತಾಣದಲ್ಲಿ ಅರ್ಜಿ ಹಾಕುವಾಗ ಆ ಪತ್ರಗಳ ಮೇಲಿರುವ ಆರ್‌ಡಿ ನಂಬರ್ ಕೇಳುತ್ತದೆ. ಆದಾಯದ್ದಕ್ಕೆ ಅವಧಿ ಇರುತ್ತದೆ, ಮುಗಿದಿದ್ದರೆ ಅಲ್ಲಿಂದ ಹೊರಡುವ ಮೊದಲೇ ನಾಡಕಚೇರಿಗೆ ಹೋಗಿ ಹೊಸದು ಮಾಡಿಸು. ಮಗಳ ಆಧಾರ್‌ಗೆ ಬೆರಳಚ್ಚು ಹಾಕಿಸಿದ್ದೀರಾ? ಐದು ವರ್ಷ ತುಂಬಿದ ಮೇಲೆ ಹಾಕಿಸಲೇಬೇಕು. ಆಧಾರ್ ಜೆರಾಕ್ಸ್, ಪಾಸ್‌ಪೋರ್ಟ್ ಸೈಜ್ ಫೋಟೊ ಜಾಸ್ತಿಯೇ ಇರಲಿ. ಫೋಟೊ ಹಿಂದೆ ಹೆಸರು, ತರಗತಿ ಬರೆದಿಡು. ಅಣ್ಣ ತಂಗಿ ಇಬ್ಬರೂ ಒಂದೇ ಥರ ಇದ್ದಾರೆ ಬೇರೆ.

ಹೆಸರಿನ ವಿಚಾರ ಬಂದಾಗಲೇ ಹೇಳಿಬಿಡುತ್ತೇನೆ. ಸ್ವೆಟರ್, ರೇನ್‌ಕೋಟ್, ಟಿಫನ್ ಮುಚ್ಚಳ, ಛತ್ರಿಯ ಹಿಡಿ, ಎಲ್ಲದರ ಮೇಲೂ ಪರ್ಮನೆಂಟ್ ಮಾರ್ಕರಿನಲ್ಲಿ ಬರೆ. ಮಳೆ ಬಂದ ದಿನ ಶಾಲೆಯ ಜಗಲಿಯಲ್ಲಿ ನೂರು ರೇನ್‌ಕೋಟ್ ನೇತಾಡುತ್ತಿರುತ್ತವೆ, ಅದರಲ್ಲಿ ಮುಕ್ಕಾಲು ಪಾಲು ಒಂದೇ ನೀಲಿ ಬಣ್ಣದವು.

ಸ್ಕೂಲಿನವರು ಕೊಡುವ ಲಿಸ್ಟ್ ಸಿಕ್ಕಿದ ದಿನವೇ ಫೋಟೊ ತೆಗೆದು ಕಳಿಸು. ಗುಲಾಬಿ ಕವರಿನ ನಾಲ್ಕು ಗೆರೆಯ ಪುಸ್ತಕ ಮತ್ತು ಬೈಂಡ್ ಹಾಕುವ ಬ್ರೌನ್ ಪೇಪರ್ ಎರಡೂ ಜೂನ್ ಮೊದಲ ವಾರಕ್ಕೇ ಖಾಲಿಯಾಗುತ್ತವೆ, ನಿನಗೆ ಅಂತ ಎತ್ತಿಡುತ್ತೇನೆ. ಅಲ್ಲಿಂದ ತರುವುದೇ ಆದರೆ ಅತ್ತಿಗೆ ಕೈಯ ಶೇಂಗಾ ಚಟ್ನಿ ತಾ. ಡಬ್ಬ ದೊಡ್ಡದಿರಲಿ.

ಇಂತಿ ನಿನ್ನ ಗೆಳೆಯ,
ಬುಕ್ ಸ್ಟಾಲ್‌ನವನು