ಸಣ್ಣ ಷೇರುದಾರರು ಉಳಿಸಿಕೊಂಡ ರೈಲುಮಾರ್ಗ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಸುತ್ತಮುತ್ತ ನೆಲೆಸಿರುವ ನಮ್ಮ ಓದುಗರಲ್ಲಿ ಹಲವರು ಲೆವೆಲ್ ಕ್ರಾಸಿಂಗಿನಲ್ಲಿ ಕಾರು ನಿಲ್ಲಿಸಿ, ಪ್ರಾವಿಡೆನ್ಸ್ ಆ್ಯಂಡ್ ವೂಸ್ಟರ್ ರೈಲ್ವೆಯ ಗೂಡ್ಸ್ ಗಾಡಿ ನಿಧಾನವಾಗಿ ದಾಟುವುದನ್ನು ಕಾದಿರುತ್ತಾರೆ. ಆ ಗಾಡಿಯ ಹಿಂದಿರುವ ಕಥೆ ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿರಲಿಕ್ಕಿಲ್ಲವೆಂದು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ.

ವೂಸ್ಟರ್‌ನಿಂದ ರೋಡ್ ಐಲ್ಯಾಂಡ್ ರಾಜ್ಯದ ಪ್ರಾವಿಡೆನ್ಸ್‌ವರೆಗಿನ ಬ್ಲ್ಯಾಕ್‌ಸ್ಟೋನ್ ಕಣಿವೆಯ ಗಿರಣಿಗಳ ಸರಕನ್ನು 1828ರಿಂದ ಒಂದು ಕಾಲುವೆ ಸಾಗಿಸುತ್ತಿತ್ತು. 1847ರಲ್ಲಿ ಅದರ ಪಕ್ಕದಲ್ಲೇ ಸುಮಾರು 43 ಮೈಲಿಯ ಈ ರೈಲುಮಾರ್ಗ ತೆರೆಯಿತು. ಮರುವರ್ಷ ಕಾಲುವೆ ಮುಚ್ಚಿತು. ಮುಂದೆ ಮಾರ್ಗವು ಗುತ್ತಿಗೆಯ ಮೇಲೆ ನ್ಯೂ ಹೇವನ್ ರೈಲ್ವೆಯ ವಶವಾಗಿ, 1969ರಲ್ಲಿ ಅದರ ಜೊತೆಗೇ ಪೆನ್ ಸೆಂಟ್ರಲ್ ಎಂಬ ದೈತ್ಯ ಕಂಪನಿಯ ಕೈಸೇರಿತು. ಆ ದೈತ್ಯ ಮರುವರ್ಷವೇ ದಿವಾಳಿಯಾಯಿತು.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಇದರ ನಂತರದ ಭಾಗ. ಮಾರ್ಗವನ್ನು ಗುತ್ತಿಗೆ ಕೊಟ್ಟಿದ್ದ ಪ್ರಾವಿಡೆನ್ಸ್ ಆ್ಯಂಡ್ ವೂಸ್ಟರ್ ಎಂಬ ಹಳೆಯ ಕಂಪನಿ ಕಾಗದದ ಮೇಲೆ ಇನ್ನೂ ಬದುಕಿತ್ತು. ಅದರ ನಿಯಮದಂತೆ ಮೊದಲ 50 ಷೇರುಗಳಿಗೆ ತಲಾ ಒಂದು ಮತವಿದ್ದರೆ, ಅದಕ್ಕೆ ಮೇಲ್ಪಟ್ಟ ಪ್ರತಿ 20 ಷೇರುಗಳಿಗೆ ಒಂದೇ ಮತ. ಅಂದರೆ 1,050 ಷೇರು ಇದ್ದವರಿಗೂ ಸಿಗುತ್ತಿದ್ದದ್ದು 100 ಮತ ಮಾತ್ರ. ಹೀಗಾಗಿ ಶೇಕಡಾ 28ರಷ್ಟು ಷೇರು ಹಿಡಿದಿದ್ದರೂ ಪೆನ್ ಸೆಂಟ್ರಲ್‌ಗೆ ದಕ್ಕಿದ್ದು ಶೇಕಡಾ 3ರಷ್ಟು ಮತ. ಸಣ್ಣ ಷೇರುದಾರರ ಮಾತೇ ನಡೆದು, ರಾಬರ್ಟ್ ಈಡರ್ ಅವರ ಮುಂದಾಳತ್ವದಲ್ಲಿ ಕಂಪನಿ 1973ರಲ್ಲಿ ಮತ್ತೆ ಸ್ವತಂತ್ರವಾಗಿ ಗಾಡಿ ಓಡಿಸತೊಡಗಿತು. ಮತದಾನದ ಆ ನಿಯಮವನ್ನು ಡೆಲವೇರ್ ಸುಪ್ರೀಂ ಕೋರ್ಟ್ 1977ರಲ್ಲಿ ಎತ್ತಿಹಿಡಿಯಿತು. ಸಣ್ಣವರ ಮಾತಿಗೆ ತೂಕ ಕೊಟ್ಟ ಇಂಥ ನಿಯಮವನ್ನು ಬರೆದಿಟ್ಟ ಹಿರಿಯರನ್ನು ನಾನು ಮೆಚ್ಚದೆ ಇರಲಾರೆ.

ಸ್ವತಂತ್ರವಾದ ಮೇಲೆ, ದೊಡ್ಡ ಕಂಪನಿಗಳು ಬೇಡವೆಂದ ಮಾರ್ಗಗಳನ್ನು ಅದು ಒಂದೊಂದಾಗಿ ಸೇರಿಸಿಕೊಂಡಿತು. ಇಂದು ಅದರ ಹಳಿ ಉತ್ತರದಲ್ಲಿ ಗಾರ್ಡ್ನರ್‌ವರೆಗೆ, ದಕ್ಷಿಣದಲ್ಲಿ ನಾರ್ವಿಚ್ ದಾಟಿ ಗ್ರೋಟನ್‌ವರೆಗೆ ಹೋಗುತ್ತದೆ. ಆ್ಯಮ್‌ಟ್ರ್ಯಾಕ್ ಸಂಸ್ಥೆಯ ಪ್ರಯಾಣಿಕರ ಗಾಡಿಗಳು ಓಡುವ ಕರಾವಳಿ ಮಾರ್ಗದಲ್ಲೂ ಅದಕ್ಕೆ ಸರಕು ಸಾಗಿಸುವ ಹಕ್ಕಿದೆ. ಕನೆಕ್ಟಿಕಟ್‌ನ ಕಲ್ಲುಗಣಿಯ ಜಲ್ಲಿಯನ್ನು ಅದು ನ್ಯೂಯಾರ್ಕ್ ನಗರದ ಕ್ವೀನ್ಸ್‌ವರೆಗೆ ಒಯ್ದು ಲಾಂಗ್ ಐಲ್ಯಾಂಡಿನ ರೈಲ್ವೆಗೆ ಒಪ್ಪಿಸುತ್ತ ಬಂದಿದೆ. 2016ರಲ್ಲಿ ಕಂಪನಿಯನ್ನು ಹಲವು ಸಣ್ಣ ರೈಲ್ವೆಗಳ ಒಡೆತನವಿರುವ ಜೆನೆಸೀ ಆ್ಯಂಡ್ ವಯೋಮಿಂಗ್ ಕೊಂಡಿತಾದರೂ ಹೆಸರು ಹಾಗೆಯೇ ಉಳಿದಿದೆ.

ಒಂದು ವ್ಯಾಗನ್ ಮೂರು ನಾಲ್ಕು ಲಾರಿಗಳ ಹೊರೆಯನ್ನು ಹೊರುತ್ತದೆ. ಆದರೆ ಈಗಿನ ವ್ಯಾಗನ್‌ಗಳ ತೂಕ ಸರಕು ಸೇರಿ 2,86,000 ಪೌಂಡ್‌ವರೆಗೆ ಇರುವುದರಿಂದ, ಹಳೆಯ ಸೇತುವೆಗಳನ್ನು ಬಲಪಡಿಸದಿದ್ದರೆ ಶಾರ್ಟ್ ಲೈನುಗಳು, ಅಂದರೆ ಇಂಥ ಸಣ್ಣ ಸ್ಥಳೀಯ ಸರಕು ರೈಲ್ವೆಗಳು, ಗಿರಾಕಿಗಳನ್ನು ಕಳೆದುಕೊಳ್ಳುತ್ತವೆ. ಗೋದಾಮುಗಳತ್ತ ಕವಲೊಡೆಯುವ ಪಕ್ಕದ ಹಳಿಯನ್ನು ಒಮ್ಮೆ ಕಿತ್ತರೆ ಮತ್ತೆ ಹಾಕಿಸುವುದು ಬಲು ಕಷ್ಟ. ನಿಮ್ಮ ಊರಿನ ಯೋಜನಾ ಮಂಡಳಿಯ ಮುಂದೆ ಅಂಥ ಜಾಗದ ಪ್ರಸ್ತಾಪ ಬಂದಾಗ ದಯವಿಟ್ಟು ಸಭೆಗೆ ಹೋಗಿ, ಆ ಹಳಿಯನ್ನು ಉಳಿಸುವ ಬಗೆ ಇದೆಯೇ ಎಂದು ಕೇಳಿ.